ಭಾನುವಾರದ ಕೋಲ್ಡ್ ಕಾಫಿ

...ಔಷಧಿ ಅಂದ್ನಲ್ಲ ಅತ್ತೆ. ಔಷಧೀನೇ. ಬಾಟ್ಲಿ ಸ್ವಲ್ಪ ದೊಡ್ಡದು, ಅಷ್ಟೇ. ನೀವ್ಯಾಕೆ ಎದ್ದು ಬಂದ್ರಿ? ಹಾಲ್‌ನಲ್ಲಿ ಬಾಳೆ ಎಲೆ ಒರೆಸ್ತಾ ಕೂತಿದ್ರಿ ತಾನೇ? ಸರಿ, ಬಂದಿದ್ದಾಯ್ತಲ್ಲ, ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಹುಷಾರು, ನೆಲ ಒದ್ದೆ. ಬೆಳಿಗ್ಗೆಯಿಂದ ಒಂದು ಹನಿ ನೀರೂ ಮುಟ್ಟಿಲ್ಲ ನೀವು. ತಲೆ ಸುತ್ತಿ ಬಿದ್ದುಗಿದ್ರೆ, ಹಬ್ಬದ ದಿನ ನಾನೆಲ್ಲಿಗೆ ಅಂತ ಓಡ್ಲಿ?

ಅಡುಗೆ ಎಲ್ಲಾ ಆಗಿದೆ. ಕಡುಬು ಆಯ್ತು, ಹೋಳಿಗೆ ಆಯ್ತು, ಕಾಯಿಹಾಲು ಆಯ್ತು. ಮಾವನಿಗೆ ಆಂಬೊಡೆ ಅಂದ್ರೆ ಪ್ರಾಣ ಅಂತ ಅದೂ ಆಯ್ತು. ಅಜ್ಜಿಗೆ ಎಲೆ ಅಡಿಕೆ, ಹೊಗೆಸೊಪ್ಪು, ಎಲ್ಲಾ ತಟ್ಟೇಲಿದೆ. ಇನ್ನು ಉಳಿದಿರೋದು ಇದೊಂದೇ. ನಿಮ್ಮ ಮಗಂದು. ನೀವೇ ಅಲ್ವಾ ಹೇಳಿದ್ದು? "ಕೈಲಾಸನಿಗೆ ಎಡೆ ಇಡೋದೇ ಆದ್ರೆ ಅವನ ಕೋಲ್ಡ್ ಕಾಫಿ ಇಡು" ಅಂತ. ಚಿಕ್ಕಮಾವನ ಎದುರಿಗೇ ಹೇಳಿದ್ರಿ. ಅವರಿಗೆ ನಗು. ಹಿರಿಯರ ಹಬ್ಬಕ್ಕೆ ಕೋಲ್ಡ್ ಕಾಫಿನಾ ಅತ್ತಿಗೆ, ಅಂತ... ಆಮೇಲೆ ನಿಮ್ಮ ಮುಖ ನೋಡಿ ಸುಮ್ಮನಾದ್ರು. ಹೋದೋರಿಗೆ ಏನಿಷ್ಟವೋ ಅದನ್ನ ಇಡೋದು ತಾನೇ ಪದ್ಧತಿ? ಬೀಡಿ ಸೇದೋರಿಗೆ ಬೀಡಿ ಇಡಲ್ವಾ? ಕೆಳಗಡೆ ಮನೆ ಸೀತಮ್ಮನೋರು ಅವರ ಯಜಮಾನರಿಗೆ ಬ್ರಾಂದಿನೇ ಇಡ್ತಾರಂತೆ. ಅವರ ಪದ್ಧತಿ ಬೇರೆ, ಬಿಡಿ. ನಮ್ಮದು ಲಿಂಗ ಕಟ್ಟಿರೋ ಮನೆ. ನಮ್ಮನೇಲಿ ಕಾಫಿ.

ಕಾಫಿನೇ ಅತ್ತೆ ಇದು. ನೋಡಿ ಬೇಕಾದ್ರೆ. ರಾತ್ರಿನೇ ಫಿಲ್ಟರ್‌ಗೆ ಪುಡಿ ಹಾಕಿಟ್ಟಿದ್ದೆ, ಗಟ್ಟಿ ಡಿಕಾಕ್ಷನ್ನು, ಮೊದಲನೇದು. ಎರಡನೇ ನೀರು ಆಗಲ್ಲ ಇದಕ್ಕೆ. ಎರಡನೇದ್ರಲ್ಲಿ ಮಾಡಿದ್ರೆ ಲೋಟ ತೊಳೆದ ನೀರಿದ್ದಂಗೆ ಇರುತ್ತೆ ಅನ್ನೋರು ನಿಮ್ಮ ಮಗ. ಮತ್ತೆ ಕೆನೆ... ಹೂಂ, ನೀವು ಬೆಣ್ಣೆಗೆ ಅಂತ ಎತ್ತಿಟ್ಟಿದ್ದ ಕೆನೆನೇ. ಬೈಬೇಡಿ. ಒಂದು ವಾರದ್ದು, ಪೂರ್ತಿ ತಗೊಂಡಿದೀನಿ. ಜಾಯಿಕಾಯಿ ತೇಯ್ದು ಒಂದು ಚೂರು. ಐಸು. ಈ ಹಳೇ ಹಾರ್ಲಿಕ್ಸ್ ಬಾಟ್ಲಿ ನೆನಪಿದೆಯಾ? ಟವೆಲ್ ಸುತ್ತಿ, ಎರಡೂ ಕೈಯಲ್ಲಿ ಹಿಡ್ಕೊಂಡು, ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸೋರು. ಅಡುಗೆಮನೆ ತುಂಬಾ ಕುಣಿಯೋರು. ಅಮ್ಮಾ ಲೋಟ ತಾ, ನೊರೆ ಇಳಿದು ಹೋಗುತ್ತೆ, ಅಂತ ಕೂಗೋರು.

ಥೂ. ನೋಡಿ... ಒಡೀತು.

ಡಿಕಾಕ್ಷನ್ ಪೂರ್ತಿ ಆರಿರ್ಲಿಲ್ಲ ಅನ್ಸುತ್ತೆ. ಕೆನೆ ನೋಡಿ, ಬಿಳಿ ಬಿಳಿ ಚೂರು ಚೂರಾಗಿ ತೇಲ್ತಿದೆ. ಒಡೆದ ಹಾಲು ಇಟ್ಟರೆ ಹಿರಿಯರು ಎದ್ದು ಹೋಗ್ತಾರೆ. ಚೆಲ್ತೀನಿ. ಪರವಾಗಿಲ್ಲ, ಚಿಕ್ಕಮಾವ ಇನ್ನೂ ಉತ್ತರಹಳ್ಳಿ ಬಿಟ್ಟಿಲ್ಲ. ಈಗ ತಾನೇ ಫೋನ್ ಮಾಡಿದ್ರು. "ಎಲ್ಲಾ ರೆಡಿ ಇರ್ಲಿ ಶಿಲ್ಪಾ, ನಾನು ಬಂದ ತಕ್ಷಣ ಧೂಪ ಹಾಕಿ ಬಾಗಿಲು ಹಾಕಿಬಿಡೋಣ" ಅಂದ್ರು. ಬಾಗಿಲು ಹಾಕಿ, ಹೊರಗೆ ನಿಂತ್ಕೊಂಡು, ಒಳಗೆ ಹಿರಿಯರು ಬಂದು ಊಟ ಮಾಡ್ತಾರೆ ಅಂತ ಕಾಯೋದು... ಮದುವೆಯಾದ ಹೊಸದರಲ್ಲಿ ನನಗೆ ನಗು ಬರೋದು ಅತ್ತೆ. ನೀವು ಗದರೋರು. ಈಗ ನಗುನೂ ಬರಲ್ಲ, ಇನ್ನೊಂದೂ ಬರಲ್ಲ. ನಿನ್ನೆಯಿಂದ ನೋಡ್ತಿದೀನಿ, ಏನಾದ್ರೂ ಅನ್ನಿಸುತ್ತಾ ಅಂತ. ಹೋಳಿಗೆಗೆ ಹೂರಣ ಕಟ್ಟಿದ್ನಲ್ಲ, ಆಗ ಇನ್ನೊಬ್ಬರ ಕೈ ಕಟ್ಟಿದಂಗಿತ್ತು.

ಏನು? ಆ ಔಷಧಿ ಬಾಟ್ಲಿ ಮೂಸಿ ನೋಡ್ತೀರಾ? ಬೇಡ ಅತ್ತೆ... ಅಯ್ಯೋ, ಇಲ್ಲಿ ಕೊಡಿ. ಮಡಿಯಲ್ಲಿದೀರ!

ಸರಿ. ಮೂಸಿದ್ರಲ್ಲ. ಹೇಳಿಬಿಡ್ತೀನಿ. ಇವತ್ತಲ್ಲದಿದ್ರೆ ಇನ್ಯಾವತ್ತೂ ಹೇಳೋಕಾಗಲ್ಲ. ಆ ಕಾಫಿ... ಭಾನುವಾರ ಭಾನುವಾರ ನಿಮ್ಮ ಮಗ ಮಾಡ್ಕೊಡ್ತಿದ್ರಲ್ಲ, ನಿಮಗೂ ಅರ್ಧ ಸ್ಟೀಲ್ ಲೋಟ ಬಗ್ಗಿಸ್ತಿದ್ರಲ್ಲ... ಅದರಲ್ಲಿ ರಮ್ ಇತ್ತು ಅತ್ತೆ. ರಮ್ಮು. ಹೆಂಡ. ಬಾಟ್ಲಿ ಮುಚ್ಚಳದಲ್ಲಿ ಅಳತೆ ಮಾಡಿ ಹಾಕೋರು. ನಿಮಗೆ ಹೇಳಿದಂಗೆ ಅವರು ಕೆಲಸ ಮಾಡ್ತಿದ್ದ ಕ್ಲಬ್ಬಲ್ಲಿ ಕಾಫಿ ಕೌಂಟರಲ್ಲಿರ್ಲಿಲ್ಲ. ಬಾರ್ ಕೌಂಟರಲ್ಲಿದ್ರು. ಅಲ್ಲಿ ಬರೋ ದೊಡ್ಡೋರಿಗೆ ಇದನ್ನೇ ಉದ್ದ ಗ್ಲಾಸಲ್ಲಿ ಹಾಕಿ ಏನೋ ಇಂಗ್ಲಿಷ್ ಹೆಸರಲ್ಲಿ ಮಾರೋರು. ಮನೆಗೆ ಬಂದು ನಮ್ಮ ಡಿಕಾಕ್ಷನ್ನು, ನಮ್ಮ ಕೆನೆ ಹಾಕಿ ಮಾಡೋರು. ಅಲ್ಲಿಗಿಂತ ಇಲ್ಲೇ ಚೆನ್ನಾಗಿ ಬರುತ್ತೆ ಕಣೇ ಅನ್ನೋರು. ನಾನು ಬೇಡ ಅಂತಿದ್ದೆ. ಅಮ್ಮನಿಗೆ ಯಾಕ್ರೀ, ಪಾಪ ಬರುತ್ತೆ, ಅಂತಿದ್ದೆ. ಕೇಳ್ತಿರ್ಲಿಲ್ಲ. ನೀವು ದೀಪ ಹಚ್ಚೋ ಹೊತ್ತಿನವರೆಗೂ ನಿದ್ದೆ ಮಾಡ್ತಿದ್ರಲ್ಲ, ಜಾಯಿಕಾಯಿ ಹಾಕಿದೀನಮ್ಮ, ಅದಕ್ಕೇ ನಿದ್ದೆ, ಅಂತಿದ್ರಲ್ಲ...

ಯಾಕತ್ತೆ ನಗ್ತಿದೀರ?

ಯಾಕೆ ನಗ್ತಿದೀರಿ? ನಾನು ಏನ್ ಹೇಳ್ತಿದೀನಿ, ನೀವು... ಗೊತ್ತಿತ್ತಾ? ಗೊತ್ತಿತ್ತಾ ನಿಮಗೆ? ಎಷ್ಟು ದಿನದಿಂದ? ಮೊದಲನೇ ಲೋಟದಿಂದ್ಲೇ?

ಅಯ್ಯೋ ಶಿವನೇ.

ಮತ್ತೆ ಯಾಕೆ ಕೇಳ್ಲಿಲ್ಲ ನೀವು? ಮಂಡಿ ನೋವು ಗೊತ್ತಾಗ್ತಿರ್ಲಿಲ್ಲ ಅಂತಾನಾ! ಏನು? ಇನ್ನೊಂದ್ಸಲ ಹೇಳಿ... "ಕೇಳಿದ್ರೆ ನಿಂತೋಗಿರೋದು." ಅದಕ್ಕೆ ಕೇಳ್ಲಿಲ್ಲ. ಸರಿಹೋಯ್ತು! ನಾನು ಪ್ರತಿ ಭಾನುವಾರ ನಿಮ್ಮ ಮುಖ ನೋಡ್ಕೊಂಡು, ಎಲ್ಲಿ ಗೊತ್ತಾಗುತ್ತೋ, ಎಲ್ಲಿ ಲಿಂಗ ಕಿತ್ತಿಟ್ಟು ಎದ್ದು ಹೋಗಿಬಿಡ್ತೀರೋ ಅಂತ ನಡುಗ್ತಿದ್ದೆ. ನೀವು ನೋಡಿದ್ರೆ ತುಟಿ ಮೇಲಿನ ನೊರೆ ಸೆರಗಲ್ಲಿ ಒರೆಸ್ಕೊಂಡು, ಕೈಲಾಸ ಇವತ್ತು ಜಾಯಿಕಾಯಿ ಒಂಚೂರು ಕಮ್ಮಿ ಆಯ್ತು ಕಣೋ, ಅಂತಿದ್ರಿ. ಕಮ್ಮಿ ಆಗಿದ್ದು ಜಾಯಿಕಾಯಿ ಅಲ್ಲ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು. ಪೆದ್ದಿ ಅಂದ್ರೆ ನಾನೊಬ್ಬಳೇ.

ನಗಿ, ನಗಿ. ತುಂಬಾ ದಿನ ಆಗಿತ್ತು ನೀವು ನಕ್ಕು.

ಇದನ್ನ ತರೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಇಲ್ಲಿ ಬನಶಂಕರಿಲಿ ತಗೊಂಡ್ರೆ ಯಾರಾದ್ರೂ ನೋಡಿಬಿಟ್ರೆ ಅಂತ, ನಿನ್ನೆ ಡ್ಯೂಟಿ ಮುಗಿಸಿ ಲ್ಯಾಬಿಂದ ನೇರ ಮಡಿವಾಳಕ್ಕೆ ಹೋದೆ. ಬಸ್ಸು ಸಿಲ್ಕ್ ಬೋರ್ಡ್ ಹತ್ರ ನಿಂತಿದ್ದು ನಿಂತೇ ಇತ್ತು. ಮುಖಕ್ಕೆ ಮಾಸ್ಕ್ ಹಾಕ್ಕೊಂಡೇ ಇಳಿದೆ. ಅಂಗಡಿ ಮುಂದೆ ಗಂಡಸರ ಗುಂಪು. ನಾನು ಪಕ್ಕದ ಬೇಕರಿ ಮುಂದೆ ನಿಂತ್ಕೊಂಡು, ಬನ್ ತಗೊಂಡು, ಬನ್ ತಿಂದು... ಆಮೇಲೆ ಹೋದೆ. ಒಬ್ಬ ಅಂತಾನೆ, ಮೇಡಂಗೆ ಜಾಗ ಬಿಡ್ರೋ, ಅಂತ. ಎಲ್ಲರೂ ಹಿಂದೆ ಸರಿದ್ರು, ದೇವಸ್ಥಾನದಲ್ಲಿ ಸರೀತಾರಲ್ಲ ಹಂಗೆ. ಅಂಗಡಿಯವನು ಯಾವ್ದು ಬೇಕು ಮೇಡಂ ಅಂದ. ನನಗೆ ಹೆಸರು ಎಲ್ಲಿ ಗೊತ್ತು? ಕಾಫಿಗೆ ಹಾಕೋದು, ಅಂದೆ. ಅಷ್ಟೂ ಜನ ನಕ್ಕಿದ್ದೇ ನಕ್ಕಿದ್ದು. ನನಗೆ ನಾಚಿಕೆ ಆಗ್ಬೇಕಿತ್ತು. ಆಗ್ಲಿಲ್ಲ. ಚಿಲ್ಲರೆ ಎಣಿಸ್ಕೊಂಡು ಬಂದೆ.

ಇರಿ, ಈ ಸಲ ಡಿಕಾಕ್ಷನ್ನ ಫ್ರಿಜ್ಜಲ್ಲಿಡ್ತೀನಿ. ತಣ್ಣಗೆ ಕೊರೀಬೇಕು, ಆಗ್ಲೇ ಕೆನೆ ಕೂಡ್ಕೊಳ್ಳೋದು.

ಏಳು ವರ್ಷ ಆಯ್ತು ಅಂತಾರೆ ಚಿಕ್ಕಮಾವ. ಏಳು ವರ್ಷ ಮನುಷ್ಯನ ಸುದ್ದಿ ಇಲ್ಲ ಅಂದ್ರೆ ಕೋರ್ಟಲ್ಲೂ ಸತ್ತ ಹಾಗೆ ಲೆಕ್ಕವಂತೆ. "ಇನ್ನೂ ಎಡೆ ಇಡದೇ ಬಿಟ್ರೆ ಆತ್ಮ ಅಲೀತಿರುತ್ತೆ ಅತ್ತಿಗೆ" ಅಂದ್ರು. ನೀವು ಹೆಣ ನೋಡದೇ ಎಡೆ ಹೆಂಗಿಡೋದು ಅಂದ್ರಿ. ಬದುಕಿರೋರಿಗೆ ಎಡೆ ಇಟ್ರೆ ಇಟ್ಟ ಕೈಯೇ ಅವರ ಆಯಸ್ಸು ತಿನ್ನುತ್ತೆ ಅಂದ್ರಿ. ಅಷ್ಟು ಹೇಳಿ, ಆಮೇಲೆ ನನ್ನ ಕಡೆ ಕೈ ತೋರಿಸಿಬಿಟ್ರಿ. ಶಿಲ್ಪಾ ಏನಂತಾಳೋ ಅದೇ, ಅಂತ. ನಾನು ಹೂಂ ಅಂದೆ. ಅಷ್ಟೇ. ಹಾಲು ತಗೊಳ್ತೀಯಾ ಅಂದ್ರೆ ಹೂಂ ಅಂತೀವಲ್ಲ, ಹಂಗೆ.

ನೀವು ಆವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಗೊತ್ತಾಯ್ತು ನನಗೆ. ಆದ್ರೂ ಡಬ್ಬಿ ಕಟ್ಟಿ ಕೊಟ್ರಿ. ಚಪಾತಿ ಮಧ್ಯೆ ಬೆಲ್ಲ ತುಪ್ಪ ಸವರಿ ಇಟ್ಟಿದ್ರಿ. ಲ್ಯಾಬಲ್ಲಿ ಹುಡುಗೀರು ಕೇಳ್ತಾರೆ, ಯಾರು ಶಿಲ್ಪಶ್ರೀ ಮೇಡಂ, ಅಮ್ಮನಾ ಇಷ್ಟು ಚೆನ್ನಾಗಿ ಡಬ್ಬಿ ಕಟ್ಟೋದು, ಅಂತ. ಹೂಂ ಅಂತೀನಿ. ಅತ್ತೆ ಅಂದ್ರೆ ಕಥೆ ಪೂರ್ತಿ ಹೇಳ್ಬೇಕಲ್ಲ.

ಎಂಥಾ ಕಥೆ! ಒಂದು ಜಗಳನಾದ್ರೂ ಆಗಿದ್ರೆ ಚೆನ್ನಾಗಿರೋದು. ಸ್ಟೇಷನ್ನಲ್ಲಿ ಅದನ್ನೇ ತಾನೇ ಕೇಳಿದ್ದು ಅವರು? ಗಂಡ ಹೆಂಡ್ತಿ ಜಗಳ ಆಗಿತ್ತಾ? ಇಲ್ಲ ಸಾರ್. ಅತ್ತೆ ಸೊಸೆ? ಇಲ್ಲ ಸಾರ್. ಮತ್ಯಾಕಮ್ಮ ಹೋದ? ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಬರೋದು ಲೇಟಾಗುತ್ತೆ ಊಟ ಮಾಡಿ ಮಲಗಿಬಿಡಿ ಅಂತ ಹೇಳಿ ಹೋದ್ರು ಸಾರ್. ನಾವು ಊಟ ಮಾಡಿ ಮಲಗಿಬಿಟ್ವಿ. ಅಷ್ಟೇ ಸಾರ್ ಕಥೆ.

ಆಮೇಲೆ ಆಸ್ಪತ್ರೆ, ಶವಾಗಾರ, ಧರ್ಮಸ್ಥಳ, ಶಾಸ್ತ್ರ ಹೇಳೋರು... ಎಲ್ಲಾ ಕಡೆ ನಾವಿಬ್ರೇ. ನಿಮ್ಮ ಮಂಡಿ ಆಗ್ಲೇ ಪೂರ್ತಿ ಹೋಗಿದ್ದು. ಚಿಕ್ಕಮಾವ ನಿಮ್ಮನ್ನ ಕರ್ಕೊಂಡು ಹೋಗಿದ್ರಲ್ಲ, ಒಂದೇ ವಾರಕ್ಕೆ ಆಟೋ ಹತ್ತಿಸಿ ವಾಪಸ್ ಕಳಿಸಿದ್ರು. ಆವತ್ತು ನಾನು ಬಾಗಿಲು ತೆಗೆದಾಗ ನೀವು ಏನಂದ್ರಿ ನೆನಪಿದೆಯಾ? "ನೀನು ತವರಿಗೆ ಹೋಗ್ಲಿಲ್ವಾ?" ಅಂದ್ರಿ. ಹೋಗಿರ್ತೀನಿ ಅಂದ್ಕೊಂಡಿದ್ರಿ! ಯಾವ ತವರು ಅತ್ತೆ? ಅಪ್ಪ ಅಮ್ಮ ಹೋದ್ಮೇಲೆ ಅಣ್ಣನ ಮನೆ ಅಂದ್ರೆ ತವರಾ? ಕೈ ಕಾಲು ತೊಳ್ಕೊಳ್ಳಿ, ಅನ್ನ ಹಾಕ್ತೀನಿ, ಅಂದೆ. ಆವತ್ತಿಂದ ಹಿಂಗೇ ನಡೀತು. ನೀವು ಡಬ್ಬಿ ಕಟ್ಟೋದು. ರಾತ್ರಿ ನಾನು ನಿಮ್ಮ ಮಂಡಿಗೆ ಎಣ್ಣೆ ತಿಕ್ಕೋದು. ಸುಖ ಅಂತ ಹೇಳಲ್ಲ. ಆದ್ರೆ ನಡೀತು.

ಒಂದು ಮಾತು ಹೇಳ್ಲಾ? ಕಾಣೆಯಾದೋರ ಹೆಂಡ್ತಿ ಅಂದ್ರೆ ಜನಕ್ಕೆ ಒಂಥರಾ ಮರ್ಯಾದೆ. ಅಯ್ಯೋ ಪಾಪ ಅಂತಾರೆ. ಬಸ್ಸಲ್ಲಿ ಸೀಟು ಬಿಡೋದೊಂದು ಬಾಕಿ. ಅರಿಶಿನ ಕುಂಕುಮಕ್ಕೆ ಕರೀಬೇಕೋ ಬಿಡಬೇಕೋ ಗೊತ್ತಾಗ್ದೆ ಬಾಗಿಲಲ್ಲಿ ನಿಂತು ಒದ್ದಾಡ್ತಾರೆ, ಅದು ಬೇರೆ. ಆದ್ರೆ ಬಿಟ್ಟು ಹೋದೋರ ಹೆಂಡ್ತಿ ಅಂದ್ರೆ... ಅವಳಲ್ಲಿ ಏನೋ ಇರ್ಬೇಕು, ಅದಕ್ಕೇ ಹೋದ, ಅಂತಾರೆ. ಅದೇ ಗಂಡಸು, ಅದೇ ಖಾಲಿ ಮಂಚ. ಹೆಸರು ಮಾತ್ರ ಬೇರೆ.

ಯಾಕೆ ಹಂಗೆ ನೋಡ್ತೀರ? ಸುಮ್ನೆ ಅಂದೆ. ಲ್ಯಾಬಲ್ಲಿ ಒಬ್ಬಳಿದ್ದಾಳೆ, ಅವಳ ವಿಷಯ.

ಹಾಂ, ತಣ್ಣಗಾಗಿದೆ. ಮುಟ್ಟಿ ನೋಡಿ ಪಾತ್ರೆನ. ಈಗ ಕೆನೆ... ಉಳಿದಿರೋದೆಲ್ಲಾ ಇಷ್ಟೇ, ಇನ್ನೊಂದ್ಸಲ ಒಡೆದ್ರೆ ಗತಿ ಇಲ್ಲ. ಚಮಚದಲ್ಲಿ ಮೆಲ್ಲಗೆ ಕಡೀಬೇಕು ಮೊದ್ಲು, ಗಂಟಿಲ್ದಂಗೆ. ಜಾಯಿಕಾಯಿ ನೀವೇ ತೇಯ್ದು ಕೊಡ್ತೀರಾ? ಆ ಕಲ್ಲಲ್ಲಿ. ಸಾಕು ಸಾಕು. ಈಗ ಇದು... ಮುಚ್ಚಳದಲ್ಲಿ ಒಂದು. ಎರಡು. ಮೂಗು ಮುಚ್ಕೊಬೇಡಿ, ನಾಟಕ! ಇಷ್ಟು ವರ್ಷ ಕುಡಿದು ಈಗ ಮೂಗು ಮುಚ್ಕೊಳ್ತಾರೆ.

ಏನು, ಇಲ್ಲಿ ಕೊಡಿ... ಸಕ್ಕರೆ ಡಬ್ಬಿನಾ? ಬೇಡ ಅತ್ತೆ, ಸಕ್ಕರೆ ಹಾಕಲ್ಲ. ಶುಗರ್ ಇದೆ ಅವರಿಗೆ.

ಐಸ್ ಎಲ್ಲಿಟ್ಟೆ... ಹಾಂ, ಇಲ್ಲೇ ಇದೆ. ಟವೆಲ್ ಕೊಡಿ ಆ ಕಡೆಯಿಂದ. ಈ ಸಲ ಬಾಟ್ಲಿ ಹೊರಗಡೆ ಬೆವರೋವರೆಗೂ ಅಲ್ಲಾಡಿಸ್ಬೇಕು, ಆಗ್ಲೇ ನೊರೆ ಗಟ್ಟಿ... ಟವೆಲ್ ಅತ್ತೆ. ಅಲ್ಲೇ ಇದೆಯಲ್ಲ, ನಿಮ್ಮ ಕೈ ಹತ್ರನೇ.

ಅತ್ತೆ?

ಯಾಕೆ ಡಬ್ಬಿ ಹಂಗೇ ಹಿಡ್ಕೊಂಡು ನಿಂತ್ರಿ? ಏನಂದೆ ನಾನು?

...ಓ. ಅದಾ. ಇಲ್ಲ ಅತ್ತೆ, ಬಾಯಿ ತಪ್ಪಿ ಬಂತು. ಲ್ಯಾಬಲ್ಲಿ ದಿನಾ ಅದೇ ಮಾತಲ್ವಾ? ಸಕ್ಕರೆ ಬೇಡ, ಶುಗರ್ ಇದೆ. ಸಕ್ಕರೆ ಬೇಡ, ಶುಗರ್ ಇದೆ. ರಕ್ತ ಪರೀಕ್ಷೆ ಕೌಂಟರಲ್ಲಿ ಕೂತು ಕೂತು ಬಾಯಿಗೆ ಅಭ್ಯಾಸ. ಹಿಂದೊಂದ್ಸಲ ಬಸ್ ಕಂಡಕ್ಟರ್‌ಗೆ, ಖಾಲಿ ಹೊಟ್ಟೇಲಿ ಬಂದಿದೀರಾ ಅಂತ ಕೇಳಿಬಿಟ್ಟಿದ್ದೆ, ಹೇಳಿದ್ನಲ್ಲ ನಿಮಗೆ? ನಕ್ಕಿದ್ರಿ ನೀವು. ಮಾವನ ಎಡೆ ನೆನಪಲ್ಲಿ ಹೇಳಿದೆ. ಮಾವನಿಗೆ ಶುಗರ್ ಇತ್ತಲ್ಲ... ಇರ್ಲಿಲ್ವಾ? ಹೌದು, ಇರ್ಲಿಲ್ಲ. ಮಾವ ಕೊನೇವರೆಗೂ ಹೋಳಿಗೆ ತಿಂದ್ರು.



ಕೂತ್ಕೊಳ್ಳಿ. ಕೂತ್ಕೊಳ್ಳಿ ಅತ್ತೆ. ಸರಿ, ಹಾಕೋಣ ಬಿಡಿ. ಹಾಕ್ತೀನಿ. ಡಬ್ಬಿ ಯಾಕೆ ಹಂಗೆ ನನ್ನ ಮುಂದಕ್ಕೆ ತಳ್ತೀರ? ಹಾಕ್ತೀನಿ ಅಂದ್ನಲ್ಲ. ಅವರು ಆಗ ಸಕ್ಕರೆ ಸುರೀತಿದ್ದಿದ್ದು ನನಗೂ ನೆನಪಿದೆ. ತಳದಲ್ಲಿ ಕರಗದೇ ಉಳಿಯೋದು, ನೀವು ಬೆರಳು ಹಾಕಿ ನೆಕ್ಕೋರು. ಹಾಕಿದ್ರೆ ಆಯ್ತು. ಸತ್ತೋರಿಗೆ ಎಲ್ಲಿ ಶುಗರ್ರು. ಹಾಕಿಬಿಟ್ರೆ ಆಯ್ತು. ಇರಿ, ಅಲ್ಲಾಡಿಸಿ ಲೋಟಕ್ಕೆ ಬಗ್ಗಿಸ್ತೀನಿ... ಆಯ್ತು. ಚಮಚ... ಚಮಚ ತಗೊಂಡೆ. ನೋಡಿ. ತುಂಬಿಸ್ದೆ.

...

ಕೈ ಹೋಗ್ತಿಲ್ಲ ಅತ್ತೆ.

ಕಾರ್ತೀಕದಲ್ಲಿ. ಹೋದ ವರ್ಷ. ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆದಿದ್ವಿ ಅಷ್ಟೇ, ಖಾಲಿ ಹೊಟ್ಟೆಯೋರೆಲ್ಲಾ ಸಾಲಾಗಿ ಕೂತಿದ್ರು. ನಾನು ಕಂಪ್ಯೂಟರ್ ನೋಡ್ಕೊಂಡೇ, ನೆಕ್ಸ್ಟ್, ಹೆಸರು ಹೇಳಿ ಸಾರ್, ಅಂದೆ. ಕೈಲಾಸ್ ಅಂದ್ರು. ನಾನು ಟೈಪ್ ಮಾಡ್ದೆ. ಮಾಡಿದ್ಮೇಲೆ ತಲೆ ಎತ್ತಿದೆ. ಕೂದಲು ಉದುರಿದೆ ಅತ್ತೆ. ತೆಳ್ಳಗಾಗಿದ್ದಾರೆ. ವಯಸ್ಸು ಅಂತ ಕೇಳ್ದೆ. ಕೇಳ್ಬೇಕಲ್ಲ. ನನಗೆ ಗೊತ್ತಿರೋ ವಯಸ್ಸನ್ನ ನಾನೇ ಕೇಳಿ, ಅವರು ಹೇಳಿದ್ದನ್ನ ಟೈಪ್ ಮಾಡ್ದೆ. ಮನೆ ಎಲ್ಲಿ ಅಂತಾನೂ ಕೇಳ್ದೆ. ಖಾಲಿ ಹೊಟ್ಟೇಲಿ ಬಂದಿದೀರಾ ಅಂದೆ. ಹೂಂ ಮೇಡಂ ಅಂದ್ರು.

ಮೇಡಂ ಅಂದ್ರು ನನಗೆ.

ನನ್ನ ಮುಖದ ಮೇಲೆ ಮಾಸ್ಕ್ ಇತ್ತು. ಗುರುತು ಸಿಕ್ತೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ. ಕಣ್ಣು ಮಾತ್ರ ಟೇಬಲ್ ಮೇಲಿಂದ ಎತ್ತಲಿಲ್ಲ. ಊಟ ಆದ್ಮೇಲೆ ಎರಡು ಗಂಟೆ ಬಿಟ್ಟು ಇನ್ನೊಂದ್ಸಲ ರಕ್ತ ಕೊಡ್ಬೇಕು ಸಾರ್, ಅಂದೆ. ಏಳು... ಇಲ್ಲ, ಆಗ ಆರು ವರ್ಷ. ಆರು ವರ್ಷ ಆದ್ಮೇಲೆ ಸಿಕ್ಕಿದ ಗಂಡನ ಹತ್ರ ನಾನು ಆಡಿದ್ದು ಅದೇ ಮಾತು. ಕೂಗಾಡ್ಬೇಕಿತ್ತು. ಕಾಲರ್ ಹಿಡ್ಕೊಬೇಕಿತ್ತು. ನನಗೆ ಏನೂ ಅನ್ನಿಸ್ಲಿಲ್ಲ ಅತ್ತೆ. ನೆಕ್ಸ್ಟ್ ಅಂದೆ.

ಜೊತೆಗೆ ಒಬ್ಬಳು ಬಂದಿದ್ಲು. ಮಗೂನೂ ಇತ್ತು, ಹೆಣ್ಣು ಮಗು, ಅವರ ಹೆಗಲ ಮೇಲೆ ನಿದ್ದೆ ಮಾಡ್ತಿತ್ತು. ಕೆಟ್ಟೋಳ ಥರ ಇರ್ಲಿಲ್ಲ ಅವಳು. ಸಾಯಂಕಾಲ ರಿಪೋರ್ಟ್ ತಗೊಳ್ಳೋಕೆ ಅವಳೊಬ್ಬಳೇ ಬಂದ್ಲು. ಶುಗರ್ ಜಾಸ್ತಿ ಇತ್ತು, ಡಾಕ್ಟರ್‌ಗೆ ತೋರಿಸಿ ಅಂದೆ. ಅವಳು ಕೇಳ್ತಾಳೆ, ಮೇಡಂ, ಇವರಿಗೆ ಭಾನುವಾರ ಒಂದು ಕೋಲ್ಡ್ ಕಾಫಿ ಇಲ್ಲದಿದ್ರೆ ಆಗಲ್ಲ, ಕೊಡಬಹುದಾ, ಅಂತ.

ಸಕ್ಕರೆ ಹಾಕದೇ ಕೊಡಿ, ಅಂದೆ.

ಆವತ್ತು ಮನೆಗೆ ಬಂದು ನಿಮಗೆ ಹೇಳ್ಬೇಕು ಅಂತಾನೇ ಮೆಟ್ಟಿಲು ಹತ್ತಿದ್ದೆ. ನಿಮ್ಮಾಣೆ. ನೀವು ಬಾಗಿಲಲ್ಲೇ ಕೂತು ಅವರೇಕಾಯಿ ಬಿಡಿಸ್ತಿದ್ರಿ. ಯಾಕೆ ಇಷ್ಟು ಲೇಟು, ಕಾಫಿ ಕಾಯಿಸ್ಲಾ, ಅಂದ್ರಿ. ಬಾಯಿವರೆಗೂ ಬಂತು. ಹೇಳಿದ್ರೆ ಏನಾಗುತ್ತೆ ಅಂತ ಯೋಚ್ನೆ ಬಂತು. ಹೆತ್ತ ಕರುಳು, ಓಡ್ತೀರಿ. ಮಗ ಸಿಕ್ಕಿದ. ಜೊತೆಗೆ ಮೊಮ್ಮಗಳು. ನಾನು ನಿಮಗೆ ಕೊಡದೇ ಹೋಗಿದ್ದು. ಆಮೇಲೆ ಇಲ್ಲಿಗೆ ಯಾಕೆ ಬರ್ತೀರಿ? ನಿಮ್ಮನ್ನ ಬಿಟ್ರೆ ನನಗ್ಯಾರಿದ್ದಾರೆ? ಡಬ್ಬಿ ಯಾರು ಕಟ್ತಾರೆ? ಅವರು ಹೋದಾಗ ನನಗೆ ಅಳು ಬಂದಿತ್ತು ಅತ್ತೆ. ನೀವು ಹೋಗ್ತೀರಿ ಅಂದ್ಕೊಂಡಾಗ ಅಳುನೂ ಬರ್ಲಿಲ್ಲ. ಕಾಯಿಸಿ ಅತ್ತೆ, ಅಂದೆ. ಕೂತು ನಾನೂ ಅವರೇಕಾಯಿ ಬಿಡಿಸ್ದೆ.

ಅದಕ್ಕೇ ಚಿಕ್ಕಮಾವ ಕೇಳಿದಾಗ ಹೂಂ ಅಂದಿದ್ದು. ಎಡೆ ಇಟ್ಟುಬಿಟ್ರೆ ಮುಗೀತು, ನಿಮಗೂ ಮುಗಿಯುತ್ತೆ, ಇನ್ನು ಯಾರೂ ಹುಡುಕಲ್ಲ ಅಂತ. ಇಡೋಕೆ ಆಗುತ್ತೆ ಅಂದ್ಕೊಂಡಿದ್ದೆ. ನಿನ್ನೆ ರಾತ್ರಿ ಫಿಲ್ಟರ್‌ಗೆ ಪುಡಿ ಹಾಕೋವರೆಗೂ ಆಗುತ್ತೆ ಅಂತಾನೇ ಇತ್ತು.

ಬೈರಿ ಅತ್ತೆ. ಒಂದು ಹೊಡೀರಿ. ನಾನು ನಿಮ್ಮ ಮಗನ್ನ ಬಚ್ಚಿಟ್ಟಿದ್ದೆ.

ಎಲ್ಲಿದಾನೆ ಅಂತ ಕೇಳ್ರಿ. ಹೇಳ್ತೀನಿ. ದೂರ ಇಲ್ಲ. ಇನ್ನು ಮುಚ್ಚಿಡಲ್ಲ. ಇಲ್ಲಿಂದ ಒಂದೇ ಬಸ್ಸು, ನಾನೇ ಕರ್ಕೊಂಡು ಹೋಗಿ ಬಿಡ್ತೀನಿ. ಬಾಗಿಲವರೆಗೂ ಬಿಟ್ಟು ಬರ್ತೀನಿ. ಕೇಳಿ.

...

ಯಾಕೆ ಕೇಳ್ತಿಲ್ಲ?

ಮಗ ಬದುಕಿದ್ದಾನೆ ಅಂದೆ. ಚೆನ್ನಾಗಿದಾನಾ ಅಂತನಾದ್ರೂ ಕೇಳಿ. ಮಗೂಗೆ ಏನು ಹೆಸರು ಅಂತ... ಯಾಕತ್ತೆ ಹಿಂಗೆ ನನ್ನೇ ನೋಡ್ತಿದೀರ? ಬೈಯೋ ಮುಖ ಅಲ್ಲ ಇದು. ಇದು... ಆಗ ಬಾಗಿಲಲ್ಲಿ ನಿಂತು, ತವರಿಗೆ ಹೋಗ್ಲಿಲ್ವಾ ಅಂದ್ರಲ್ಲ, ಆ ಮುಖ.

ಅತ್ತೆ... ಕೇಳಿದ್ರೆ ನಿಂತೋಗುತ್ತೆ ಅಂತಾನಾ?

ಗೇಟ್ ಸದ್ದಾಯ್ತು. ಚಿಕ್ಕಮಾವ. ಬಂದೆ ಮಾವ, ಒಂದ್ನಿಮಿಷ! ಎಲೆ ಹಾಕ್ತಿದೀವಿ! ಅತ್ತೆ, ಏನ್ ಮಾಡ್ಲಿ ಹೇಳಿ. ಅವರು ಮೆಟ್ಟಿಲು ಹತ್ತುತ್ತಿದ್ದಾರೆ. ಒಡೀತು ಅಂತ ಹೇಳಿಬಿಡ್ಲಾ? ಚೆಲ್ಲಲಾ? ಹೇಳಿ ಏನಾದ್ರೂ, ಈ ಲೋಟ ನಾನು ಎಲ್ಲಿಡ್ಲಿ...

ಅಯ್ಯೋ, ನೀವ್ಯಾಕೆ ತಗೊಂಡ್ರಿ? ಕೊಡಿ ಇಲ್ಲಿ. ಅತ್ತೆ! ಎಡೆ ಆಗಿಲ್ಲ ಇನ್ನೂ, ಬೆಳಿಗ್ಗೆಯಿಂದ ಉಪವಾಸ ಇದೀರ, ಮಡಿಯಲ್ಲಿ... ಮೆಲ್ಲಗೆ, ಮೆಲ್ಲಗೆ ಕುಡೀರಿ. ಒಂದೇ ಗುಟುಕಿಗೆ ಅಲ್ಲ. ಕಹಿ ಇದೆ ಅತ್ತೆ.

ಸಕ್ಕರೆ ಹಾಕಿಲ್ಲ ನಾನು.